ಗುಡ್ಡದ ಇಳಿಜಾರಿನಲ್ಲಿ ಜೀಪನ್ನು ಸುರಕ್ಷಿತವಾಗಿ ಓಡಿಸುವುದು ಹೇಗೆ?

ಗಾಳಿಯಂತ್ರಗಳ ನಿರ್ವಹಣೆಯ ಕೆಲಸಕ್ಕೆ ಚಿತ್ರದುರ್ಗಕ್ಕೆ ಹೊಸದಾಗಿ ಬಂದಿದ್ದೀರೆಂದೂ, ಕಂಪನಿಯವರು ಫೋರ್ ವೀಲ್ ಡ್ರೈವ್ ಜೀಪು ಕೊಟ್ಟಿದ್ದರೂ ಗುಡ್ಡ ಇಳಿಯುವಾಗ ಕೈಕಾಲು ನಡುಗುತ್ತವೆಂದೂ ಬರೆದಿದ್ದೀರಿ. ಇದೇ ಜಿಲ್ಲೆಯ ಗುಡ್ಡಗಳಲ್ಲಿ ಇದೇ ಕೆಲಸಕ್ಕಾಗಿ ಹನ್ನೊಂದು ವರ್ಷ ಗಾಡಿ ಓಡಿಸಿದ ಅನುಭವದಿಂದ ಹೇಳುತ್ತೇನೆ: ನಿಮ್ಮ ಭಯ ಸರಿಯಾದ ಜಾಗದಲ್ಲಿಯೇ ಇದೆ. ನಾಲ್ಕು ಚಕ್ರಗಳ ಎಳೆತ ಹತ್ತುವುದಕ್ಕೆ ನೆರವಾಗುತ್ತದೆ; ಇಳಿಯುವಾಗ ಕಾಪಾಡುವುದು ನಿಧಾನ ಮತ್ತು ನೇರವಾದ ದಾರಿ.

ಇಳಿಜಾರು ಶುರುವಾಗುವ ಮೊದಲೇ, ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಲೋ ರೇಂಜಿಗೆ, ಅಂದರೆ ಫೋರ್ ವೀಲ್ ಡ್ರೈವ್ ಗಾಡಿಯಲ್ಲಿರುವ ನಿಧಾನದ ಗೇರು ವ್ಯವಸ್ಥೆಗೆ, ಹಾಕಿ ಮೊದಲನೇ ಗೇರ್ ಹಿಡಿಯಿರಿ. ಲೋ ರೇಂಜಿನಲ್ಲಿ ಚಕ್ರದ ವೇಗ ಸುಮಾರು ಎರಡರಿಂದ ಎರಡೂವರೆ ಪಟ್ಟು ಇಳಿಯುವುದರಿಂದ ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಕ್ಲಚ್ ಒತ್ತಿದ ಕ್ಷಣದಲ್ಲಿ ಆ ಹಿಡಿತ ಹೋಗುತ್ತದೆ, ಆದ್ದರಿಂದ ಎಡಗಾಲನ್ನು ಕ್ಲಚ್ಚಿನಿಂದ ದೂರವೇ ಇಡಿ. ನಮ್ಮ ಗುಡ್ಡಗಳ ಗರಸು ರಸ್ತೆಯಲ್ಲಿ ಬ್ರೇಕನ್ನು ಜೋರಾಗಿ ಒತ್ತಿದರೆ ಚಕ್ರಗಳು ಕಚ್ಚಿ ನಿಲ್ಲುತ್ತವೆ, ಆದರೆ ಅವುಗಳ ಕೆಳಗಿನ ಕಲ್ಲುಗಳು ಉರುಳುತ್ತಲೇ ಇರುತ್ತವೆ. ತಿರುಗದ ಚಕ್ರ ಸ್ಟೀರಿಂಗಿನ ಮಾತನ್ನೂ ಕೇಳುವುದಿಲ್ಲ. ಹಿಂಭಾಗ ಜಾರಲು ಶುರುವಾದರೆ ಬ್ರೇಕ್ ಬಿಟ್ಟು, ಎಕ್ಸಲರೇಟರನ್ನು ತುಸುವೇ ಒತ್ತಿ, ಮೂತಿಯನ್ನು ಇಳಿಜಾರಿನ ನೇರಕ್ಕೆ ತನ್ನಿ. ಮನಸ್ಸು ಒಪ್ಪುವುದಿಲ್ಲ, ಆದರೂ ಅಭ್ಯಾಸ ಮಾಡಿಕೊಳ್ಳಲೇಬೇಕು.

ನೇರವಾಗಿಯೇ ಇಳಿಯಬೇಕೆಂಬ ಈ ನಿಯಮವನ್ನು ಎರಡನೇ ವರ್ಷದಲ್ಲಿ ನಾನೇ ಮುರಿದಿದ್ದೆ. ಜಿನುಗು ಮಳೆ ನಿಂತ ಸಂಜೆಯೊಂದರಲ್ಲಿ, ಮುಂದಿದ್ದ ಕೊರಕಲನ್ನು ತಪ್ಪಿಸಲೆಂದು ಇಳಿಜಾರಿಗೆ ಅಡ್ಡಲಾಗಿ ಹೊರಟೆ. ಮೇಲಿನ ಚಕ್ರ ಒಂದು ಗುಂಡುಕಲ್ಲಿನ ಮೇಲೇರಿತು, ಕೆಳಗಿನದು ತಗ್ಗಿಗಿಳಿಯಿತು. ಛಾವಣಿಯ ಮೇಲೆ ಕಟ್ಟಿದ್ದ ಏಣಿ ಮತ್ತು ಉಪಕರಣಗಳ ಪೆಟ್ಟಿಗೆಯ ಭಾರಕ್ಕೆ ಗಾಡಿ ಎಡಕ್ಕೆ ವಾಲಿತು. ಸೀಟಿನ ಮೇಲಿದ್ದ ನೀರಿನ ಬಾಟಲಿ ಉರುಳಿ ಎಡಬಾಗಿಲಿಗೆ ಬಡಿದ ಸದ್ದು ಈಗಲೂ ಕಿವಿಯಲ್ಲಿದೆ. ಸ್ಟೀರಿಂಗನ್ನು ಇಳಿಜಾರಿನ ಕಡೆಗೇ ತಿರುಗಿಸಿದ್ದರಿಂದ ಗಾಡಿ ನೆಟ್ಟಗಾಯಿತು. ಮೇಲಕ್ಕೆ ತಿರುಗಿಸಿದ್ದರೆ ಉರುಳುತ್ತಿತ್ತು. ಅಂದಿನಿಂದ ಭಾರವನ್ನು ಛಾವಣಿಯ ಮೇಲಿಡದೆ ಕೆಳಗೆ ಬಿಗಿದು ಕಟ್ಟುತ್ತೇನೆ, ಸೀಟ್ ಬೆಲ್ಟ್ ಹಾಕದವರನ್ನು ಹತ್ತಿಸಿಕೊಳ್ಳುವುದಿಲ್ಲ, ಗೊತ್ತಿಲ್ಲದ ದಾರಿಯಾದರೆ ಮೊದಲು ಇಳಿದು ನಡೆದು ನೋಡುತ್ತೇನೆ. ಎರಡು ಚಕ್ರಗಳು ಯಾವ ಕಲ್ಲಿನ ಮೇಲೆ ಹೋಗಬೇಕೆಂಬುದು ನಡೆಯುವಾಗಲೇ ತೀರ್ಮಾನವಾಗಬೇಕು. ಸ್ಟೀರಿಂಗ್ ಹಿಡಿಯುವಾಗ ಹೆಬ್ಬೆರಳನ್ನು ಒಳಗೆ ಸುತ್ತಬೇಡಿ. ಚಕ್ರ ಕಲ್ಲಿಗೆ ಬಡಿದು ಸ್ಟೀರಿಂಗ್ ತಟ್ಟನೆ ತಿರುಗಿದರೆ ಬೆರಳು ಮುರಿಯುತ್ತದೆ.

ಹತ್ತುವಾಗ ಎಂಜಿನ್ ನಿಂತರೆ ಏರಿನ ಮಧ್ಯದಲ್ಲಿ ಗಾಡಿ ತಿರುಗಿಸಲು ಹೋಗಬೇಡಿ. ಬ್ರೇಕ್ ಒತ್ತಿ, ಹ್ಯಾಂಡ್ ಬ್ರೇಕ್ ಎಳೆದು, ಮತ್ತೆ ಚಾಲೂ ಮಾಡಿ ರಿವರ್ಸ್ ಗೇರಿಗೆ ಹಾಕಿ, ಕ್ಲಚ್ ಪೂರ್ತಿ ಬಿಟ್ಟು, ಬಂದ ದಾರಿಯಲ್ಲೇ ನೇರವಾಗಿ ಹಿಂದಕ್ಕೆ ಬನ್ನಿ. ನ್ಯೂಟ್ರಲ್‌ನಲ್ಲಿ ಜಾರಲು ಬಿಡುವುದು ಅಪಾಯ.

ಚಳ್ಳಕೆರೆ, ಜಗಳೂರು ಕಡೆಯ ಎರೆ ನೆಲದ ಕಷ್ಟವೇ ಬೇರೆ. ಒಣಗಿದಾಗ ಬಿರುಕು ಬಿಡುವ ಆ ಮಣ್ಣು ನೀರು ಕುಡಿದೊಡನೆ ಉಬ್ಬಿ, ಟಯರಿನ ಗೀರುಗಳನ್ನೆಲ್ಲ ತುಂಬಿಕೊಂಡು ಅದನ್ನು ನುಣುಪು ಉರುಳೆಯನ್ನಾಗಿ ಮಾಡಿಬಿಡುತ್ತದೆ. ಹೂತ ಮೇಲೆ ಚಕ್ರವನ್ನು ಸುತ್ತಿಸಿದಷ್ಟೂ ಆಳಕ್ಕೆ ಹೋಗುತ್ತದೆಯಾದ್ದರಿಂದ ಕೂಡಲೇ ನಿಲ್ಲಿಸಿ, ಸಲಿಕೆಯಿಂದ ಮಣ್ಣು ತೆಗೆದು, ಚಕ್ರದಡಿ ಕಲ್ಲು ಅಥವಾ ಹಲಗೆ ಕೊಡಿ. ಮಳೆ ಬಂದ ದಿನ ಎರೆಹೊಲದ ದಾರಿಯನ್ನು ಬಿಟ್ಟು ಸುತ್ತಿ ಹೋಗುವುದೇ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಹರಿಯುವ ಹಳ್ಳದಲ್ಲಂತೂ ಇಳಿಯಲೇಬೇಡಿ. 60 ಸೆಂಟಿಮೀಟರ್ ಆಳದ ಹರಿವು ಜೀಪನ್ನೇ ಕೊಚ್ಚಿಕೊಂಡು ಹೋಗಬಲ್ಲದು.

ಹೂತ ಗಾಡಿಯನ್ನು ಹಗ್ಗದಿಂದ ಎಳೆಯುವಾಗ ಅದನ್ನು ಬಂಪರಿಗೆ ಕಟ್ಟದೆ, ಚಾಸಿಗೆ, ಅಂದರೆ ಗಾಡಿಯ ಅಡಿಚೌಕಟ್ಟಿಗೆ, ಸೇರಿದ ಕೊಕ್ಕೆಗೇ ಕಟ್ಟಿ. ಸುತ್ತ ನಿಂತವರನ್ನು ಹಗ್ಗದ ಉದ್ದಕ್ಕಿಂತಲೂ ದೂರ ಕಳುಹಿಸಿ, ಏಕೆಂದರೆ ಹರಿದ ಹಗ್ಗ ಚಾಟಿಯಂತೆ ಬೀಸುತ್ತದೆ. ಡಾಂಬರು ರಸ್ತೆಗೆ ಬಂದ ಮೇಲೆ ಮರೆಯದೆ ಎರಡು ಚಕ್ರದ ಎಳೆತಕ್ಕೆ ಬದಲಾಯಿಸಿ. ನಮ್ಮ ಇಂಥ ಹೆಚ್ಚಿನ ಜೀಪುಗಳಲ್ಲಿ ಮುಂದಿನ ಮತ್ತು ಹಿಂದಿನ ಚಕ್ರಗಳು ತಿರುವಿನಲ್ಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಅವಕಾಶವಿರುವುದಿಲ್ಲವಾದ್ದರಿಂದ, ಗಟ್ಟಿ ನೆಲದಲ್ಲಿ ಸ್ಟೀರಿಂಗ್ ಬಿಗಿದು ಗೇರುಗಳು ಸವೆಯುತ್ತವೆ.