ನುಸಿಯ ಪ್ರೋಟೀನ್ ಕುರಿತ ನಿಮ್ಮ ಲೇಖನಕ್ಕೆ ಉತ್ತರ

ನಮಸ್ಕಾರ,

‘ಧೂಳಿನ ಕೀಟದ ಅಣುಲೋಕ’ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾರೆ. ಆದರೆ ಅಲರ್ಜಿ ತರುವ ಪ್ರೋಟೀನಿನ ರಚನೆಯನ್ನು ಕನ್ನಡದಲ್ಲಿ ಬಿಡಿಸಿ ಹೇಳಲು ಹೊರಟವರು ಬಹಳ ಕಡಿಮೆ. ನಿಮ್ಮನ್ನು ಒಂದು ಸಾಲಿನ ಉತ್ತರದಿಂದ ಸಾಗಹಾಕಲು ನನಗೆ ಮನಸ್ಸು ಬರಲಿಲ್ಲ.

ಶೀರ್ಷಿಕೆಯಲ್ಲೇ ಒಂದು ತಪ್ಪಿದೆ. ಇದು ಕೀಟವಲ್ಲ, ಎಂಟು ಕಾಲಿನ ಜೀವಿ, ಜೇಡ ಮತ್ತು ಉಣ್ಣಿಗಳ ಬಳಗದ್ದು. ತೆಂಗು ಬೆಳೆಯುವವರ ಬಾಯಲ್ಲಿ ‘ನುಸಿ’ ಎಂಬ ಮಾತು ಇದ್ದೇ ಇದೆ, ಅದನ್ನೇ ಬಳಸಿ. ಎರಡನೆಯ ಪ್ಯಾರಾದಲ್ಲಿ ಅದು ಕಚ್ಚುವುದರಿಂದ ಅಲರ್ಜಿ ಬರುತ್ತದೆ ಎಂದಿದ್ದೀರಿ. ಧೂಳಿನ ನುಸಿ ನಮ್ಮನ್ನು ಕಚ್ಚುವುದಿಲ್ಲ. ಮೈಯಿಂದ ಉದುರಿದ ಚರ್ಮದ ಹೊಟ್ಟನ್ನು ತಿಂದು ದಿನಕ್ಕೆ ಸುಮಾರು 20 ಹಿಕ್ಕೆ ಹಾಕುತ್ತದೆ. ಮನೆಯ ಧೂಳಿನಲ್ಲಿ ಅಲರ್ಜಿ ತರುವುದು ಈ ನುಸಿಯೇ ಎಂದು ನೆದರ್ಲೆಂಡ್ಸ್‌ನ ಲೈಡನ್ನಿನಲ್ಲಿ ವೂರ್‌ಹಾರ್ಸ್ಟ್ ಮತ್ತು ಸಂಗಡಿಗರು 1964ರಲ್ಲಿ ಗುರುತಿಸಿದರು. ಹಿಕ್ಕೆಯೇ ಆ ಅಲರ್ಜಿಯ ಮುಖ್ಯ ಮೂಲ ಎಂಬುದು 1981ರಲ್ಲಿ ಗೊತ್ತಾಯಿತು. ಹಾಸಿಗೆ ಕೊಡವಿದಾಗ ಮೂಗಿಗೆ ಏರುವುದು ಅದೇ.

ಇವು ತಿದ್ದಬಹುದಾದ ತಪ್ಪುಗಳು. ನನಗೆ ನಿಜವಾಗಿ ಬೇಸರ ತಂದದ್ದು ನಡುವಿನ ಮೂರು ಪುಟ. ಅಲ್ಲಿ ‘ಆಲ್ಫಾ ಸುರುಳಿ’, ‘ಬೀಟಾ ಹಾಳೆ’, ‘ಡೈಸಲ್ಫೈಡ್ ಬಂಧ’ ಎಂಬ ಪದಗಳು ಸಾಲುಗಟ್ಟಿ ನಿಂತಿವೆ. ಆಕಾರದ ವರ್ಣನೆ ಇದೆ, ಆ ಆಕಾರ ಏನು ಮಾಡುತ್ತದೆ ಎಂಬ ಮಾತು ಎಲ್ಲಿಯೂ ಇಲ್ಲ. ಅಲರ್ಜಿ ತರುವ ಡರ್ ಪಿ 1 ಎಂಬ ನುಸಿಯ ಪ್ರೋಟೀನಿನಲ್ಲಿ 222 ಅಮೈನೋ ಆಮ್ಲಗಳಿವೆ, ಅಂದರೆ ಅದರ ಸರಪಳಿಗೆ ಅಷ್ಟು ಕೊಂಡಿಗಳಿವೆ, ಎಂದು ಬರೆದು ಮುಂದಕ್ಕೆ ಹೋಗಿಬಿಟ್ಟಿದ್ದೀರಿ. ಓದುಗರು ಆ ಸಂಖ್ಯೆಯನ್ನು ಇಟ್ಟುಕೊಂಡು ಏನು ಮಾಡಬೇಕು?

ಮಾಂಸ ಬೇಗ ಬೇಯಲೆಂದು ಹಸಿ ಪರಂಗಿಕಾಯಿಯ ಚೂರು ಹಾಕುವುದು ನಮ್ಮ ಅಡುಗೆಮನೆಗಳಿಗೆ ಗೊತ್ತಿರುವ ಉಪಾಯ. ಪರಂಗಿಯ ಹಾಲಿನಲ್ಲಿರುವ ಪಪೇನ್ ಮಾಂಸದ ಪ್ರೋಟೀನನ್ನು ಕತ್ತರಿಸುತ್ತದೆ. ಡರ್ ಪಿ 1 ಅದೇ ಕುಟುಂಬದ ಕಿಣ್ವ, ನುಸಿಯ ಕರುಳಿನಲ್ಲಿ ಜೀರ್ಣಕ್ರಿಯೆಗೆಂದು ಇರುವಂಥದ್ದು. ನೆನೆದ ಅವರೆಕಾಳಿನ ಎರಡು ಬೇಳೆಗಳಂತೆ ಅದಕ್ಕೆ ಎರಡು ಭಾಗ, ನಡುವೆ ಒಂದು ಸೀಳು. ಆ ಸೀಳಿನಲ್ಲಿ 34ನೆಯ ಸ್ಥಾನದ ಸಿಸ್ಟೀನ್ ಮತ್ತು 170ನೆಯ ಸ್ಥಾನದ ಹಿಸ್ಟಿಡಿನ್ ಎಂಬ ಎರಡು ಅಮೈನೋ ಆಮ್ಲಗಳು ಎದುರುಬದುರು ಕುಳಿತಿವೆ. ಕತ್ತರಿಯ ಅಲಗು ಅಲ್ಲಿದೆ. ನುಸಿ ಇದನ್ನು ತಯಾರಿಸುವಾಗ 80 ಅಮೈನೋ ಆಮ್ಲಗಳ ಒಂದು ತುಂಡು ಈ ಸೀಳಿನ ಬಾಯಿ ಮುಚ್ಚಿರುತ್ತದೆ, ಅದು ಕಳಚಿದ ಮೇಲಷ್ಟೇ ಕತ್ತರಿ ತೆರೆಯುತ್ತದೆ. ನಮ್ಮ ಶ್ವಾಸನಾಳದ ಒಳಪದರದಲ್ಲಿ ಕೋಶಕ್ಕೆ ಕೋಶವನ್ನು ಬಿಗಿದಿಟ್ಟ ಹೊಲಿಗೆಯನ್ನು ಇದು ಬಿಚ್ಚಬಲ್ಲದು ಎಂಬುದನ್ನು ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳ ಮೇಲೆ 1999ರಲ್ಲಿ ತೋರಿಸಲಾಯಿತು. ಹೀಗೆ ಬರೆದರೆ ಸೀಳು ಏಕೆ ಮುಖ್ಯ ಎಂಬುದು ತಾನಾಗಿ ತಿಳಿಯುತ್ತದೆ.

‘ಎಲ್ಲ ಅಲರ್ಜಿಕಾರಕಗಳಿಗೂ ಒಂದೇ ವಿಶಿಷ್ಟ ಆಕಾರವಿದೆ’ ಎಂಬ ವಾಕ್ಯವನ್ನು ದಯವಿಟ್ಟು ತೆಗೆಯಿರಿ. ನೀವೇ ಹೆಸರಿಸಿದ ಮೂರು ಪ್ರೋಟೀನುಗಳು ಅದನ್ನು ಸುಳ್ಳಾಗಿಸುತ್ತವೆ. ಡರ್ ಪಿ 2 ಏನನ್ನೂ ಕತ್ತರಿಸುವುದಿಲ್ಲ. 129 ಅಮೈನೋ ಆಮ್ಲಗಳ ಪುಟ್ಟ ಚೀಲ ಅದು, ಒಳಗೆ ಕೊಬ್ಬಿನಂಥ ಅಣುಗಳು ಕೂರುವ ಪೊಳ್ಳು. ನಮ್ಮ ದೇಹದಲ್ಲಿ ಬ್ಯಾಕ್ಟೀರಿಯಾದ ಸುಳಿವು ಹಿಡಿಯುವ ಎಂಡಿ-2 ಎಂಬ ಪ್ರೋಟೀನನ್ನು ಅದು ಹೋಲುತ್ತದೆ, ಅದರ ಕೆಲಸವನ್ನೂ ಅನುಕರಿಸಬಲ್ಲದು. 2009ರಲ್ಲಿ ತಿಳಿದ ಈ ಸಂಗತಿ ನಿಮ್ಮ ಲೇಖನದಲ್ಲಿ ಇಲ್ಲದಿರುವುದು ದೊಡ್ಡ ಕೊರತೆ. ಡರ್ ಪಿ 10 ಹೊಸೆದ ಹಗ್ಗದಂತಿರುವ ಟ್ರೋಪೋಮಯೋಸಿನ್ ಎಂಬ ಸ್ನಾಯುವಿನ ಪ್ರೋಟೀನ್. ಸಿಗಡಿಯಲ್ಲಿಯೂ ಹೆಚ್ಚುಕಡಿಮೆ ಇಂಥದೇ ಹಗ್ಗವಿದೆ, ಆದ್ದರಿಂದ ನುಸಿಯ ಅಲರ್ಜಿ ಇರುವ ಕೆಲವರಿಗೆ ಸಿಗಡಿಯೂ ಒಗ್ಗುವುದಿಲ್ಲ. ಕರಾವಳಿಯ ಓದುಗರಿಗಾಗಿ ಈ ಭಾಗವನ್ನು ಬೆಳೆಸಿ.

ಬೀಗ ಮತ್ತು ಕೀಲಿಕೈಯ ಹೋಲಿಕೆಯನ್ನು ಬಿಟ್ಟುಬಿಡಿ. ಹೊರಗಿನ ವಸ್ತುವನ್ನು ಗುರುತಿಸಲು ನಮ್ಮ ದೇಹ ತಯಾರಿಸುವ ಪ್ರತಿಕಾಯ ಹಿಡಿಯುವುದು ಪ್ರೋಟೀನಿನ ಮಡಿಕೆಯ ಮೇಲ್ಮೈಯನ್ನು. ಸೀರೆಯನ್ನು ಮಡಿಸಿದಾಗ ಸೆರಗಿನ ಹೂವೂ ಒಡಲಿನ ಹೂವೂ ಪಕ್ಕಪಕ್ಕಕ್ಕೆ ಬರುತ್ತವಲ್ಲವೇ, ಹಾಗೆಯೇ ಸರಪಳಿಯಲ್ಲಿ ದೂರ ಇರುವ ಅಮೈನೋ ಆಮ್ಲಗಳು ಮಡಿಕೆಯಲ್ಲಿ ನೆರೆಹೊರೆಯಾಗುತ್ತವೆ. ಅಲರ್ಜಿಗೆ ಕಾರಣವಾಗುವ ಐಜಿಇ ಎಂಬ ಪ್ರತಿಕಾಯ ಗುರುತಿಸುವುದು ಹೆಚ್ಚಾಗಿ ಇಂಥ ನೆರೆಹೊರೆಯನ್ನು. ಡರ್ ಪಿ 2ರ ಸರಪಳಿಯ ದೂರದ ಭಾಗಗಳನ್ನು ಗಂಧಕದಿಂದ ಬೆಸೆದಿರುವ ಮೂರು ಡೈಸಲ್ಫೈಡ್ ಬಂಧಗಳನ್ನು ಮುರಿದರೆ ಮಡಿಕೆ ಬಿಚ್ಚಿಕೊಳ್ಳುತ್ತದೆ, ಐಜಿಇ ಹಿಡಿತ ಬಹಳ ಕುಗ್ಗುತ್ತದೆ. ನೀವು ಬರೀ ಎಣಿಸಿ ಬಿಟ್ಟ ಆ ಮೂರು ಬಂಧಗಳಲ್ಲೇ ಕಥೆಯಿದೆ.

ಮುಂದಿನ ತಪ್ಪೂ ಅಲ್ಲಿಂದಲೇ ಬಂದಿದೆ. ಹಾಸಿಗೆಯನ್ನು ಬಿಸಿಲಿಗೆ ಹಾಕಿ ನುಸಿಯನ್ನು ಕೊಂದರೆ ತೊಂದರೆ ಮುಗಿಯಿತು ಎಂದಿದ್ದೀರಿ. ಕಡುಬಿಸಿಲಿಗೆ ನುಸಿ ಸಾಯುತ್ತದೆ, ಸರಿ. ಆದರೆ ಆ ಬಂಧಗಳ ಬಲದಿಂದ ಡರ್ ಪಿ 2 ಬಿಸಿಯನ್ನು ತಾಳಿಕೊಂಡು ಹಿಕ್ಕೆಯಲ್ಲಿ, ಸತ್ತ ನುಸಿಯ ಮೈಯಲ್ಲಿ ಉಳಿಯುತ್ತದೆ. ನೀರಿನಲ್ಲಿ ಕರಗುವ ಪ್ರೋಟೀನ್ ಆದ್ದರಿಂದ ಒಗೆದರೆ ಹೋಗುತ್ತದೆ. ಹೊದಿಕೆಗಳನ್ನು 60 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಒಗೆದರೆ ನುಸಿಯೂ ಸಾಯುತ್ತದೆ, ಪ್ರೋಟೀನೂ ತೊಳೆದುಹೋಗುತ್ತದೆ. ಉಬ್ಬಸ ಇರುವ ಮಗುವಿನ ತಾಯಿ ನಿಮ್ಮ ಲೇಖನವನ್ನು ಓದಿ ಬಿಸಿಲನ್ನೇ ನಂಬಿ ಕುಳಿತರೆ ಅದರ ಹೊಣೆ ನಮ್ಮಿಬ್ಬರದು. ಈ ಭಾಗದಲ್ಲಿ ನಾನು ರಾಜಿಯಾಗುವುದಿಲ್ಲ.

ಕೊನೆಯ ಪುಟದಲ್ಲಿ, ಹಾಸಿಗೆ ಕೊಡವುವ ದಿನ ನಿಮ್ಮ ಅಜ್ಜಿ ಒದ್ದೆ ಸೆರಗನ್ನು ಮೂಗಿಗೆ ಕಟ್ಟಿಕೊಳ್ಳುತ್ತಿದ್ದರು ಎಂಬ ಒಂದು ಸಾಲಿದೆ. ಇಡೀ ಲೇಖನದಲ್ಲಿ ನೀವೇ ಕಂಡು ಬರೆದ ಸಾಲು ಅದೊಂದೇ. ಅಲ್ಲಿಂದ ಆರಂಭಿಸಿ, ಡರ್ ಪಿ 1 ಮತ್ತು ಡರ್ ಪಿ 2 ಎರಡನ್ನೇ ಹಿಡಿದು 900 ಪದಗಳಲ್ಲಿ ಮತ್ತೆ ಬರೆಯಿರಿ, ಸಿಗಡಿಗೆ ಒಂದು ಪ್ಯಾರಾ ಇರಲಿ. ತಿಂಗಳೊಳಗೆ ಕಳುಹಿಸಿದರೆ ಕಳಿಸಿದ ವಾರವೇ ಓದುತ್ತೇನೆ.

ವಿಶ್ವಾಸದಿಂದ,
ಸಂಪಾದಕ