ಮನೇಲಿ ಅರಳೋ ಬ್ರಹ್ಮಕಮಲ ಬೇರೆ, ಹಿಮಾಲಯದಲ್ಲಿ ಅರಳೋದೇ ಬೇರೆ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಉತ್ತರಾಖಂಡದ ವ್ಯಾಲಿ ಆಫ್ ಫ್ಲವರ್ಸ್ ನ್ಯಾಷನಲ್ ಪಾರ್ಕ್ ಬಗ್ಗೆ ಕೇಳಿರೋರೇ ಜಾಸ್ತಿ. ಅದಕ್ಕೆ ಬೇರೆ ಪ್ರಶ್ನೆಗಳನ್ನ ಮುಂದಿನ ಸಲಕ್ಕೆ ಇಟ್ಕೊಂಡು ಇದೊಂದಕ್ಕೇ ಉತ್ತರ ಬರೀತಿದೀನಿ. ನಾನು ಎರಡು ಸಲ ಹೋಗಿ ಬಂದಿದೀನಿ, ಮತ್ತೆ ಹೋಗೋ ಆಸೆ ಇನ್ನೂ ಹಾಗೇ ಇದೆ.

ಪ್ರಶ್ನೆ: ಮೇಡಂ, ನಾನು ನಮ್ಮನೆಯವ್ರು ಆಗಸ್ಟಲ್ಲಿ ಹೋಗೋಣ ಅಂತಿದೀವಿ. ರೀಲ್ಸಲ್ಲಿ ನೋಡಿದ್ರೆ ಕಣಿವೆ ಪೂರ್ತಿ ಗುಲಾಬಿ ಬಣ್ಣದ ಹಾಸು ಹಾಸಿದ ಹಾಗಿದೆ. ನಿಜವಾಗ್ಲೂ ಹಾಗೇ ಇರುತ್ತಾ? ಹೂ ಬಿಟ್ಟು ಬೇರೆ ಏನು ನೋಡ್ಬಹುದು, ಒಂದು ದಿನ ಸಾಕಾ? (ದಾವಣಗೆರೆಯಿಂದ ಒಬ್ಬ ಓದುಗರು)

ಒಂದು ದಿನ ಸಾಲಲ್ಲ ಕಣ್ರೀ, ಎರಡು ದಿನ ಇಟ್ಕೊಳ್ಳಿ. ಪಾರ್ಕ್ ಒಳಗೆ ರಾತ್ರಿ ಉಳಿಯೋಕೆ ಬಿಡಲ್ಲ. ಎಲ್ರೂ ಹತ್ತಿರದ ಘಾಂಘ್ರಿಯಾ ಅನ್ನೋ ಊರಲ್ಲಿ ಉಳ್ಕೊಂಡು ಬೆಳಗ್ಗೆ ಹೋಗಿ ಸಂಜೆಯೊಳಗೆ ವಾಪಸ್ ಬರ್ಬೇಕು. ಮೊದಲನೇ ದಿನ ನೀವು ಬರೀ ತಲೆ ಎತ್ಕೊಂಡೇ ನಡೀತೀರಾ, ಸುತ್ತ ಹಿಮದ ಶಿಖರ, ಬಂಡೆ ಮೇಲಿಂದ ದಾರದ ಹಾಗೆ ಇಳಿಯೋ ಜಲಪಾತ, ಮೋಡ ಬಂದು ಎಲ್ಲಾ ಮುಚ್ಚಿಬಿಡೋದು ಮತ್ತೆ ತೆರೆಯೋದು, ಇದ್ರಲ್ಲೇ ದಿನ ಮುಗ್ದೋಗುತ್ತೆ. ಎರಡನೇ ದಿನ ಬಗ್ಗಿ ನೋಡ್ತೀರಾ. ನನ್ನ ಕೇಳಿದ್ರೆ ಆ ಎರಡನೇ ದಿನಕ್ಕೋಸ್ಕರನೇ ಅಲ್ಲಿಗೆ ಹೋಗ್ಬೇಕು.

ಗುಲಾಬಿ ಹಾಸು ಸುಳ್ಳಲ್ಲ. ಆದ್ರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಅದೂ ಕಣಿವೆಯ ಕೆಲವು ಇಳಿಜಾರಲ್ಲಿ ಮಾತ್ರ ಹಾಗೆ ಕಾಣೋದು. ಅದ್ರಲ್ಲಿ ಬಹುಪಾಲು ಬಾಲ್ಸಮ್, ಅಂದ್ರೆ ನಮ್ಮ ಹಿತ್ತಲಲ್ಲಿ ಬೆಳೆಯೋ ಗೌರಿಹೂವಿನ ಹಿಮಾಲಯದ ದಾಯಾದಿ, ಮನುಷ್ಯನೆತ್ತರ ಬೆಳ್ದು ನಿಂತಿರುತ್ತೆ. ಬಲಿತ ಕಾಯಿ ಮುಟ್ಟಿದ್ರೆ ನಮ್ಮೂರ ಗೌರಿಹೂವಿನ ಕಾಯಿ ಥರಾನೇ ಟಪ್ ಅಂತ ಸಿಡಿದು ಬೀಜ ಎರಚುತ್ತೆ. ಇನ್ನು ನದಿ ದಡದ ಮರಳಲ್ಲಿ ನೆಲಕ್ಕೆ ಒತ್ಕೊಂಡು ಬೆಳೆಯೋ ಗುಲಾಬಿ ಹೂ ಎಪಿಲೋಬಿಯಂ. ಪಾರ್ಕಲ್ಲಿ ಹೂ ಬಿಡೋ ಗಿಡಗಳು 500ಕ್ಕೂ ಜಾಸ್ತಿ ಜಾತಿ ಇವೆ, ವಾರ ವಾರಕ್ಕೂ ಬಣ್ಣ ಬದಲಾಗ್ತಾ ಇರುತ್ತೆ. ಜೂನಲ್ಲಿ ಹೋದ್ರೆ ಹಿಮ ಜಾಸ್ತಿ ಹೂ ಕಮ್ಮಿ, ಸೆಪ್ಟೆಂಬರಲ್ಲಿ ಎಲೆ ಹಳದಿ ಆಗಿರುತ್ತೆ.

ದಾರಿ ಹೇಗಿದೆ ಅಂದ್ರೆ, ಘಾಂಘ್ರಿಯಾ ದಾಟಿದ ಮೇಲೆ ಕವಲು ಬರುತ್ತೆ, ಎಡಕ್ಕೆ ಹೋದ್ರೆ ಹೂಕಣಿವೆ, ಬಲಕ್ಕೆ ಹತ್ತಿದ್ರೆ ಸಿಖ್ಖರ ಗುರುದ್ವಾರ, ಸರೋವರ ಇರೋ ಹೇಮಕುಂಡ. ಎಡದ ದಾರಿ ಇಳ್ದು ಪುಷ್ಪಾವತಿ ನದಿ ದಾಟುತ್ತೆ, ಟಿಪ್ರಾ ಗ್ಲೇಸಿಯರ್‌ನಿಂದ ಬರೋ ನೀರು ಅದು, ಹಾಲು ಕಲಸಿದ ಹಾಗೆ ಬಿಳಿ ಬಿಳಿ, ಸದ್ದು ಎಷ್ಟು ಅಂದ್ರೆ ಪಕ್ಕದವರ ಮಾತು ಕೇಳಲ್ಲ. ಆಮೇಲೆ ಭೂರ್ಜಪತ್ರೆ ಮರಗಳ ನಡುವೆ ಏರು. ಹಿಂದೆ ಗ್ರಂಥ ಬರೀತಿದ್ದ ತೊಗಟೆ ಇದೇನೇ. ಮರದ ಮೇಲೆ ಈರುಳ್ಳಿ ಸಿಪ್ಪೆ ಥರ ಪದರ ಪದರ ಬಿಟ್ಕೊಂಡು ಗಾಳಿಗೆ ಪಟಪಟ ಅಂತಿರುತ್ತೆ, ಕೀಳ್ಬೇಡಿ, ನೋಡಿದ್ರೆ ಸಾಕು. ಈ ಕಾಡು ಮುಗಿದ ತಕ್ಷಣ ಕಣಿವೆ ತೆರ್ಕೊಳ್ಳುತ್ತೆ. ಹಿಂದೊಂದು ಕಾಲಕ್ಕೆ ಹಿಮನದಿ ಕೊರೆದು ಹೋದ ಜಾಗ ಅದು, ಅದಕ್ಕೇ ತಳ ಅಷ್ಟು ಅಗಲ.

ನೆರಳಿರೋ ಕಡೆ ಕೋಬ್ರಾ ಲಿಲಿ ಹುಡುಕಿ, ಹೆಡೆ ಎತ್ತಿದ ಹಾವು ನಿಂತ ಹಾಗೇ ಇರುತ್ತೆ. ಈ ಗಿಡ ಚಿಕ್ಕದಿದ್ದಾಗ ಗಂಡು, ಗೆಡ್ಡೆಯಲ್ಲಿ ಆಹಾರ ಸೇರಿ ದಪ್ಪ ಆದ ವರ್ಷ ಹೆಣ್ಣಾಗುತ್ತೆ. ಬಂಡೆ ಸಂದಿ ಕಡೆ ಬ್ಲೂ ಪಾಪಿ, ಅಂದ್ರೆ ಗಸಗಸೆ ಕುಟುಂಬದ ನೀಲಿ ಹೂ. ನಾನು ನೋಡಿದ್ದು ಮಳೆ ನಿಂತ ಸ್ವಲ್ಪ ಹೊತ್ತಿಗೆ, ದಂಟಿನ ತುಂಬಾ ಮುಳ್ಳು, ರೇಷ್ಮೆ ಬಟ್ಟೆ ಸುಕ್ಕಾದ ಹಾಗಿನ ನಾಲ್ಕೈದು ದಳ, ನಡುವೆ ಹಳದಿ ಕೇಸರ, ತಲೆ ಬಗ್ಗಿಸಿದ್ರಿಂದ ಒಳಗೊಂದು ಹನಿ ನೀರಿಲ್ಲ. ಆ ನೀಲಿಗೆ ನನ್ನ ಫೋನ್ ಕ್ಯಾಮೆರಾ ಸಾಕಾಗಲಿಲ್ಲ. ಮೂರು ಸಲ ತೆಗ್ದೆ, ಮೂರೂ ಸಲ ಬಣ್ಣ ಬೇರೆ ಬಂತು, ಕೊನೆಗೆ ಫೋನ್ ಜೇಬಿಗೆ ಹಾಕ್ಕೊಂಡು ಅಲ್ಲೇ ಕೂತೆ.

ಒಳಗೆ ಒಂದು ಸಮಾಧಿನೂ ಇದೆ, ತಪ್ಪಿಸ್ಬೇಡಿ. 1931ರಲ್ಲಿ ಕಾಮೆಟ್ ಶಿಖರ ಹತ್ತಿ ಬರ್ತಿದ್ದ ಬ್ರಿಟಿಷ್ ಪರ್ವತಾರೋಹಿ ಫ್ರಾಂಕ್ ಸ್ಮೈತ್ ಮತ್ತೆ ಜೊತೆಯವರು ಈ ಕಣಿವೆಗೆ ಇಳಿದ್ರು, ಸ್ಮೈತ್ 1937ರಲ್ಲಿ ಮತ್ತೆ ಬಂದು ಆಮೇಲೆ ಪುಸ್ತಕ ಬರೆದ, ಅಲ್ಲಿಂದ ಹೊರಜಗತ್ತಿಗೆ ಹೆಸರು ಗೊತ್ತಾಯ್ತು (ಅಲ್ಲಿನ ಕುರುಬರಿಗೆ ಅದಕ್ಕೂ ಎಷ್ಟೋ ಮುಂಚೆ ಗೊತ್ತಿತ್ತು ಅನ್ನೋದನ್ನ ಮರೀಬಾರ್ದು). 1939ರಲ್ಲಿ ಗಿಡ ಸಂಗ್ರಹಿಸೋಕೆ ಬಂದ ಜೋನ್ ಮಾರ್ಗರೆಟ್ ಲೆಗ್ ಅನ್ನೋ ಹೆಣ್ಣುಮಗಳು ಬಂಡೆ ಮೇಲಿಂದ ಜಾರಿ ಬಿದ್ದು ತೀರ್ಕೊಂಡ್ರು. ಆಕೆ ಅಕ್ಕ-ತಂಗಿಯಲ್ಲೊಬ್ರು ಆಮೇಲೆ ಬಂದು ಇಟ್ಟ ಕಲ್ಲು ಇವತ್ತಿಗೂ ಹೂಗಳ ಮಧ್ಯೆ ಇದೆ. ನಾನು ಹೋದ ಎರಡೂ ಸಲ ಯಾರೋ ಅದರ ಮೇಲೆ ಕಾಡುಹೂ ಇಟ್ಟಿದ್ರು.

ಪ್ರಶ್ನೆ: ನಮ್ಮನೇಲಿ ಬ್ರಹ್ಮಕಮಲ ಇದೆ, ಹೋದ ವರ್ಷ ಒಂದೇ ರಾತ್ರಿ ಹನ್ನೊಂದು ಹೂ ಬಿಡ್ತು, ಪೂಜೆ ಮಾಡಿದ್ವಿ. ಹಿಮಾಲಯದಲ್ಲಿ ಇರೋದೂ ಇದೇನಾ? ಅಲ್ಲಿಂದ ಒಂದು ಸಸಿ ತರಬಹುದಾ? (ಮೈಸೂರಿನ ಓದುಗರು)

ಇಲ್ಲಮ್ಮ, ಎರಡಕ್ಕೂ ಸಂಬಂಧಾನೇ ಇಲ್ಲ. ನಿಮ್ಮನೇಲಿರೋದು ಕಳ್ಳಿ ಜಾತಿ, ಅದರ ಮೂಲ ಮೆಕ್ಸಿಕೋ ಕಡೆ, ಎಪಿಫಿಲಮ್ ಅಂತಾರೆ. ಎಲೆ ಥರ ಕಾಣೋದನ್ನ ಮುರಿದು ಕುಂಡಕ್ಕೆ ಸಿಕ್ಕಿಸಿದ್ರೆ ಬರುತ್ತೆ, ಹಾಗೇ ಬೀದಿಯಿಂದ ಬೀದಿಗೆ, ತವರಿಂದ ಗಂಡನ ಮನೆಗೆ ಹೋಗಿ ಕರ್ನಾಟಕ ಪೂರ್ತಿ ಹಬ್ಬಿದೆ. ಪೂಜೆ ಮಾಡಿದ್ದು ತಪ್ಪಲ್ಲ, ರಾತ್ರಿ ಎಲ್ಲರನ್ನೂ ಎಬ್ಬಿಸಿ ಹೂ ತೋರಿಸೋದು ಚೆಂದದ ಪದ್ಧತಿ, ಅದನ್ನ ಬಿಡ್ಬೇಡಿ.

ಹಿಮಾಲಯದ್ದು ಸೂರ್ಯಕಾಂತಿ ಕುಟುಂಬಕ್ಕೆ ಸೇರಿದ ಗಿಡ, ಸಾಸ್ಸೂರಿಯಾ, ಉತ್ತರಾಖಂಡದ ರಾಜ್ಯ ಪುಷ್ಪ. ಇದನ್ನ ಹೂಕಣಿವೆ ದಾರೀಲಿ ಹುಡುಕಿ ಸುಸ್ತಾಗ್ಬೇಡಿ, ಹೇಮಕುಂಡದ ಕಡೆ ಹತ್ತಿ, ಆಗಸ್ಟಲ್ಲಿ ಸರೋವರ ಹತ್ತಿರ ಆಗ್ತಿದ್ದ ಹಾಗೆ ಬಂಡೆಗಳ ನಡುವೆ ಕಾಣುತ್ತೆ. ದೂರದಿಂದ ನೋಡಿದ್ರೆ ಎಲೆಕೋಸು ಅನ್ಸುತ್ತೆ. ನಾನು ಮೊದಲು ನೋಡಿದಾಗ ದಾಟ್ಕೊಂಡು ಮುಂದೆ ಹೋಗಿದ್ದೆ, ಹಿಂದೆ ಬರ್ತಿದ್ದ ಗೈಡ್ ಹುಡುಗ ಕರ್ದು ತೋರಿಸ್ದ. ತಿಳಿಹಳದಿ-ಹಸಿರು ಬಣ್ಣದ, ಬಟರ್ ಪೇಪರ್ ಥರ ಬೆಳಕು ತೂರೋ ಹಾಳೆಗಳು, ಆ ಹಾಳೆಗಳು ಹೂವಲ್ಲ, ನಿಜವಾದ ಹೂ ಒಳಗೆ ನೇರಳೆ ಬಣ್ಣದ ಪುಟ್ಟ ಗುಂಪಾಗಿ ಬಚ್ಚಿಟ್ಕೊಂಡಿರುತ್ತೆ. ಹಾಳೆಗಳು ಅದಕ್ಕೆ ಕೊಡೆನೂ ಹೌದು ಕಂಬಳಿನೂ ಹೌದು, ಮಳೆ ತಡೀತವೆ, ಬಿಸಿಲನ್ನ ಒಳಗೆ ಬಿಟ್ಕೊಂಡು ಬೆಚ್ಚಗೆ ಇಡ್ತವೆ. ವಾಸನೆ ಘಾಟು, ಮೂಗಿಗೆ ಹತ್ತಿ ಕೂತ್ಕೊಳ್ಳುತ್ತೆ.

ಸಸಿ ತರೋ ಯೋಚ್ನೆ ದಯವಿಟ್ಟು ಬಿಡಿ. ನ್ಯಾಷನಲ್ ಪಾರ್ಕ್ ಒಳಗಿಂದ ಗಿಡ ತರೋದು ಅಪರಾಧ, ಪಾರ್ಕ್ ಹೊರಗೂ ಕೀಳ್ಬೇಡಿ, ಯಾರಾದ್ರೂ ಮಾರೋಕೆ ಬಂದ್ರೂ ಕೊಳ್ಬೇಡಿ. ಆ ಎತ್ತರದ ಚಳಿಗೆ ಹೊಂದ್ಕೊಂಡ ಗಿಡ ಮೈಸೂರಿನ ಬಿಸಿಲಿಗೆ ಬದುಕಲ್ಲ. ಅಲ್ಲಿ ಬೇಸಿಗೆ ಅಂದ್ರೆ ಕೆಲವೇ ತಿಂಗಳು, ಅಷ್ಟರಲ್ಲೇ ಅದು ಬೆಳ್ದು ಹೂ ಬಿಟ್ಟು ಬೀಜ ಮಾಡ್ಬೇಕು, ನಾವು ಹೂ ಕಿತ್ರೆ ಬೀಜ ಎಲ್ಲಿಂದ ಬರ್ಬೇಕು ಹೇಳಿ.

ಪ್ರಶ್ನೆ: ಅಲ್ಲಿ ಕುರಿ ಮೇಯಿಸೋದು ನಿಲ್ಲಿಸಿದ್ದಕ್ಕೇ ಹೂ ಕಮ್ಮಿ ಆಯ್ತು ಅಂತ ಕೇಳಿದೀನಿ, ನಿಜಾನಾ? (ಚಿತ್ರದುರ್ಗ)

ಸ್ವಲ್ಪ ನಿಜ ಇದೆ, ಪೂರ್ತಿ ಅಲ್ಲ. 1982ರಲ್ಲಿ ನ್ಯಾಷನಲ್ ಪಾರ್ಕ್ ಆಯ್ತು, ಅದಾದ ಮೇಲೆ ಮೇಯಿಸೋದು ನಿಲ್ಲಿಸಿದ್ರು. ಆಮೇಲೆ ಪಾಲಿಗೋನಮ್ ಅನ್ನೋ ಗಿಡ ದಟ್ಟವಾಗಿ ಎದ್ದು ಕೆಳಗಿನ ಪುಟ್ಟ ಹೂಗಳಿಗೆ ಬೆಳಕೇ ಬೀಳದ ಹಾಗೆ ಮಾಡ್ತು, ಅರಣ್ಯ ಇಲಾಖೆಯವರು ಅದನ್ನ ಕೀಳಿಸ್ತಾ ಬಂದಿದಾರೆ. ಕುರಿ ಇದ್ದಾಗ ಅದನ್ನ ತುಳಿದು ತಿಂದು ಹತೋಟಿಲಿ ಇಡ್ತಿದ್ವು ಅನ್ನೋರಿದಾರೆ, ಕುರಿಗಳಿಂದ ಅಪರೂಪದ ಗಿಡಗಳಿಗೂ ಪೆಟ್ಟು ಬೀಳ್ತಿತ್ತು ಅನ್ನೋರೂ ಇದಾರೆ. ನನಗನ್ನಿಸೋದು, ತಲೆತಲಾಂತರದಿಂದ ಅಲ್ಲಿಗೆ ಬರ್ತಿದ್ದ ಕುರುಬರ ಹತ್ರ ಆ ನೆಲದ ತಿಳುವಳಿಕೆ ತುಂಬಾ ಇತ್ತು, ಅವರನ್ನ ಕೂರಿಸ್ಕೊಂಡು ಕೇಳ್ಬೇಕಿತ್ತು.

ಪ್ರಶ್ನೆ: ಅಮ್ಮನಿಗೆ 62, ಮಂಡಿ ನೋವಿದೆ. ಕರ್ಕೊಂಡು ಹೋಗಬಹುದಾ? (ಹುಬ್ಬಳ್ಳಿ)

ಹೋಗಬಹುದು, ಮೊದಲು ಡಾಕ್ಟರನ್ನ ಕೇಳಿ, ಮತ್ತೆ ಅವಸರ ಮಾಡ್ಬೇಡಿ. ಗೋವಿಂದಘಾಟ್‌ನಿಂದ ಪುಲ್ನಾವರೆಗೆ ಜೀಪ್ ಇದೆ, ಅಲ್ಲಿಂದ ಘಾಂಘ್ರಿಯಾಕ್ಕೆ ಸುಮಾರು 10 ಕಿ.ಮೀ. ನಡಿಗೆ, ಬೇಡ ಅಂದ್ರೆ ಹೇಸರಗತ್ತೆ ಸಿಗುತ್ತೆ. ಹೂಕಣಿವೆ ಒಳಗೆ ಹೇಸರಗತ್ತೆ ಬಿಡಲ್ಲ, ಬೆನ್ನ ಮೇಲೆ ಬುಟ್ಟೀಲಿ ಕೂರಿಸ್ಕೊಂಡು ಹೋಗೋರು ಇದಾರೆ, ಕಂಡಿ ಅಂತಾರೆ. ಒಳಗೆ ಅಂಗಡಿ ಇಲ್ಲ, ಊಟ ನೀರು ಕಟ್ಕೊಂಡೇ ಹೋಗಿ.

ಹೇಮಕುಂಡ ಮಾತ್ರ ಯೋಚ್ನೆ ಮಾಡಿ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಘಾಂಘ್ರಿಯಾನೇ 3,000 ದಾಟುತ್ತೆ, ಹೇಮಕುಂಡ 4,300ರ ಹತ್ತಿರ. ಆರು ಕಿ.ಮೀ.ನಲ್ಲಿ ಅಷ್ಟೂ ಏರು. ತಲೆ ಸಿಡಿಯೋದು, ವಾಂತಿ ಬಂದ ಹಾಗಾಗೋದು ಶುರುವಾದ್ರೆ ಇನ್ನೇನು ಬಂದೇಬಿಡ್ತು ಅಂತ ಎಳ್ಕೊಂಡು ಹೋಗ್ಬೇಡಿ, ಇಳೀರಿ. ಹತ್ತೋಕಾದ್ರೆ ಗುರುದ್ವಾರದಲ್ಲಿ ಬಿಸಿ ಖಿಚಡಿ, ಚಹಾ ಕೊಡ್ತಾರೆ, ಎದುರಿಗೇ ಸರೋವರ, ಆ ಚಳೀಲಿ ಆ ಲೋಟ ಕೈಲಿ ಹಿಡ್ಕೊಂಡಿದ್ದು ನನಗಿನ್ನೂ ನೆನಪಿದೆ.

ರಿಟರ್ನ್ ಟಿಕೆಟ್ ಬುಕ್ ಮಾಡುವಾಗ ಎರಡು ದಿನ ಖಾಲಿ ಬಿಡಿ. ಋಷಿಕೇಶದಿಂದ, ಗೋವಿಂದಘಾಟ್‌ಗೆ ಮುಂಚೆ ಸಿಗೋ ಜೋಶಿಮಠಕ್ಕೇ ಸುಮಾರು 250 ಕಿ.ಮೀ., ಮಳೆಗಾಲದಲ್ಲಿ ಗುಡ್ಡ ಕುಸಿದು ರಸ್ತೆ ಯಾವಾಗ ಬೇಕಾದ್ರೂ ಬಂದ್ ಆಗುತ್ತೆ. ಎರಡನೇ ಸಲ ನಾವು ಒಂದು ರಾತ್ರಿ ಪೂರ್ತಿ ರಸ್ತೇಲೇ ಕಳೆದ್ವಿ, ಮಾರನೇ ದಿನದ ರೈಲು ತಪ್ತು. ಅಮ್ಮನ ಮಾತ್ರೆಗಳನ್ನ ದೊಡ್ಡ ಲಗೇಜಿಗೆ ಹಾಕ್ಬೇಡಿ, ಕೈಚೀಲದಲ್ಲೇ ಇರ್ಲಿ, ನಾಲ್ಕು ದಿನಕ್ಕೆ ಆಗೋಷ್ಟು ಹೆಚ್ಚಿಗೇ ಇರ್ಲಿ.