ಡಿಪ್ಲೊಮಾ ಮುಗಿದಿದೆ. ಏಜೆಂಟ್‌ಗೆ ಆರು ಲಕ್ಷ ಕೊಟ್ಟು ಜರ್ಮನಿಗೆ ಆಸ್‌ಬಿಲ್ಡುಂಗ್ ಮಾಡಲು ಹೋಗಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ಊರು ರೋಣದ ಹತ್ತಿರ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಧಾರವಾಡದಲ್ಲಿ ಟ್ರೇನಿ ಆಗಿದ್ದೀರಿ. ಹುಬ್ಬಳ್ಳಿಯ ಏಜೆಂಟ್ ಒಬ್ಬರು ಜರ್ಮನಿಯಲ್ಲಿ ಆಸ್‌ಬಿಲ್ಡುಂಗ್ (ಕಂಪನಿಯಲ್ಲಿ ಕೆಲಸ ಮಾಡುತ್ತಾ ಕಲಿಯುವ ವೃತ್ತಿ ತರಬೇತಿ) ಕೊಡಿಸುತ್ತೇನೆ, ಆರು ಲಕ್ಷ ಆಗುತ್ತದೆ, ಭಾಷೆ ಅಲ್ಲಿಗೆ ಹೋದ ಮೇಲೆ ಕಲಿತರಾಯಿತು ಅಂದಿದ್ದಾರೆ. ತಂದೆಯವರು ಹೊಲ ಅಡ ಇಡಲು ತಯಾರಿದ್ದಾರೆ. ಆಸ್ಟ್ರೇಲಿಯಾದಲ್ಲಿ ಕುಕರಿ ಕೋರ್ಸ್ ಮಾಡಿದರೆ ಹೇಗೆ ಅಂತಲೂ ಕೇಳಿದ್ದೀರಿ.

ಹೊಲ ಅಡ ಇಡಬೇಡಿ. ಜರ್ಮನಿಗೆ ಬೇಕಾದರೆ ಖಂಡಿತ ಬನ್ನಿ. ನಾನೂ ಹುಬ್ಬಳ್ಳಿಯವನೇ, ಗೋಕುಲ ರೋಡ್ ಕಡೆ ಮನೆ. ಈಗ ಸ್ಟುಟ್‌ಗಾರ್ಟ್ ಹತ್ತಿರದ ಒಂದು ಸಣ್ಣ ಊರಿನಲ್ಲಿ ಹೀಟಿಂಗ್ ಮತ್ತು ಪ್ಲಂಬಿಂಗ್ ಕೆಲಸದ ಆಸ್‌ಬಿಲ್ಡುಂಗ್‌ನಲ್ಲಿದ್ದೇನೆ, ಮೂರನೇ ವರ್ಷ.

ಮೊದಲು ಇದು ಕಾಲೇಜ್ ಅಡ್ಮಿಷನ್ ಅನ್ನೋದನ್ನು ತಲೆಯಿಂದ ತೆಗೆಯಿರಿ. ನಿಮ್ಮನ್ನು ಸೇರಿಸಿಕೊಳ್ಳುವುದು ಒಂದು ಕಂಪನಿ. ವಾರದಲ್ಲಿ ಮೂರು ನಾಲ್ಕು ದಿನ ಅಲ್ಲಿ ಕೆಲಸ, ಒಂದೆರಡು ದಿನ ವೃತ್ತಿ ಶಾಲೆ. ಕೆಲವು ಕಡೆ ಶಾಲೆಯನ್ನು ವಾರಗಟ್ಟಲೆ ಒಟ್ಟಿಗೇ ಇಡುತ್ತಾರೆ. ಕೆಲಸ ಯಾವುದು ಅನ್ನೋದರ ಮೇಲೆ ಎರಡರಿಂದ ಮೂರೂವರೆ ವರ್ಷ. ನನ್ನದು ಮೂರೂವರೆ, ನೀವು ಮೆಕಾಟ್ರಾನಿಕ್ಸ್ ತೆಗೆದುಕೊಂಡರೂ ಅಷ್ಟೇ. ಈ ಥರದ ಆಸ್‌ಬಿಲ್ಡುಂಗ್‌ಗೆ ಕೋರ್ಸ್ ಫೀಸ್ ಇಲ್ಲ. ಕಂಪನಿಯೇ ನಿಮಗೆ ತಿಂಗಳಿಗಿಷ್ಟು ಅಂತ ಕೊಡಬೇಕು. 2025ರಲ್ಲಿ ಶುರು ಮಾಡಿದವರಿಗೆ ಕಾನೂನಿನ ಕನಿಷ್ಠ ಮೊತ್ತ ಮೊದಲ ವರ್ಷ ತಿಂಗಳಿಗೆ 682 ಯೂರೋ. ಈ ಮೊದಲ ವರ್ಷದ ಮೊತ್ತಕ್ಕಿಂತ ಎರಡನೇ ವರ್ಷ 18%, ಮೂರನೇ ವರ್ಷ 35%, ನಾಲ್ಕನೇ ವರ್ಷ 40% ಜಾಸ್ತಿ. ಎಷ್ಟೋ ಕಂಪನಿಗಳು ಇದಕ್ಕಿಂತ ಹೆಚ್ಚು ಕೊಡುತ್ತವೆ.

ರೂಪಾಯಿಗೆ ಗುಣಿಸಿ ಖುಷಿಪಡಬೇಡಿ. ಆರೋಗ್ಯ ವಿಮೆ, ಪೆನ್ಶನ್ ಎಲ್ಲ ಕಡಿತವಾಗಿ ಕೈಗೆ ಬರುವುದರಲ್ಲಿ ಅರ್ಧ ರೂಮ್ ಬಾಡಿಗೆಗೇ ಹೋದೀತು. ಮೊದಲ ವರ್ಷ ಮನೆಗೆ ಹಣ ಕಳಿಸುವ ಲೆಕ್ಕ ಇಟ್ಟುಕೊಳ್ಳಬೇಡಿ. ಜೀವನಕ್ಕೆ ಆ ಸಂಬಳ ಸಾಲದು ಅಂತ ವೀಸಾದವರಿಗೆ ಅನ್ನಿಸಿದರೆ, ಕಡಿಮೆ ಬಿದ್ದಷ್ಟನ್ನು ಬ್ಲಾಕ್ಡ್ ಅಕೌಂಟ್‌ನಲ್ಲಿ ತೋರಿಸಬೇಕಾಗಬಹುದು. ಅದು ನಿಮ್ಮದೇ ದುಡ್ಡು, ಇಲ್ಲಿ ಬಂದ ಮೇಲೆ ತಿಂಗಳು ತಿಂಗಳು ನಿಮಗೇ ವಾಪಸ್ ಸಿಗುತ್ತದೆ. ವೀಸಾ ಫೀ 75 ಯೂರೋ. ಅದು ಬಿಟ್ಟರೆ ಭಾಷೆ ಪರೀಕ್ಷೆ, ಮಾರ್ಕ್ಸ್ ಕಾರ್ಡ್ ಅನುವಾದ, ವಿಮಾನ ಟಿಕೆಟ್. ಇದರಲ್ಲಿ ಆರು ಲಕ್ಷ ಎಲ್ಲಿ ಹೋಗುತ್ತದೆ ಅಂತ ಆ ಏಜೆಂಟ್ ಹತ್ತಿರ ಬರೆಸಿಕೊಳ್ಳಿ.

ಇನ್ನೊಂದು ವಿಷಯ. ವಿದೇಶಾಂಗ ಸಚಿವಾಲಯದಲ್ಲಿ ನೋಂದಾಯಿಸಿದ ರಿಕ್ರೂಟಿಂಗ್ ಏಜೆಂಟ್‌ಗಳು ಕೆಲಸಕ್ಕೆ ಕಳಿಸಲು 30,000 ರೂಪಾಯಿ ಮತ್ತು ಜಿಎಸ್‌ಟಿ ಬಿಟ್ಟು ಜಾಸ್ತಿ ತೆಗೆದುಕೊಳ್ಳುವಂತಿಲ್ಲ. 'ನಾವು ಕೆಲಸಕ್ಕಲ್ಲ, ಓದೋಕೆ ಕಳಿಸೋದು' ಅಂತ ಹೇಳಿ ಈ ಮಿತಿಯಿಂದ ನುಣುಚಿಕೊಳ್ಳುವವರಿದ್ದಾರೆ. ಕಂಪನಿ ಸಂಬಳ ಕೊಟ್ಟು ದುಡಿಸಿಕೊಳ್ಳುವುದು ಎಂಥ ಓದು, ನೀವೇ ಹೇಳಿ.

ಈಗ ಭಾಷೆ. ನಿಜವಾದ ಬೆಲೆ ಕೊಡಬೇಕಾಗಿರುವುದು ಇಲ್ಲೇ. ಭಾಷೆಯ ಮಟ್ಟಗಳು ಎ1, ಎ2, ಬಿ1, ಬಿ2 ಅಂತ ಮೇಲಕ್ಕೆ ಹೋಗುತ್ತವೆ; ಈ ವೀಸಾಗೆ ಸಾಮಾನ್ಯವಾಗಿ ಬಿ1 ಮಟ್ಟದ ಜರ್ಮನ್ ಕೇಳುತ್ತಾರೆ, ನರ್ಸಿಂಗ್ ಕಡೆ ಹೆಚ್ಚಿನವರು ಬಿ2 ಬಯಸುತ್ತಾರೆ. ಬಿ1 ಪರೀಕ್ಷೆಯಲ್ಲಿ ಓದು, ಕೇಳು, ಬರೆ, ಮಾತಾಡು ಅಂತ ನಾಲ್ಕು ಭಾಗ. ಪ್ರತಿಯೊಂದರಲ್ಲೂ ನೂರಕ್ಕೆ 60 ಬರಬೇಕು. ನಾಲ್ಕನ್ನೂ ಬೇರೆ ಬೇರೆಯಾಗಿ ಬರೆಯಬಹುದು, ಒಂದರಲ್ಲಿ ಬಿದ್ದರೆ ಅದೊಂದನ್ನೇ ಮತ್ತೆ ಕಟ್ಟಿದರಾಯಿತು. ಪರೀಕ್ಷೆಗೆ ಬೆಂಗಳೂರಿನ ಜರ್ಮನ್ ಭಾಷಾ ಕೇಂದ್ರ ಮ್ಯಾಕ್ಸ್ ಮುಲ್ಲರ್ ಭವನಕ್ಕೆ ಹೋಗಬಹುದು, ರಾತ್ರಿ ರಾಣಿ ಚೆನ್ನಮ್ಮ ರೈಲು ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೀರಿ. ಕ್ಲಾಸ್ ಆನ್‌ಲೈನ್‌ನಲ್ಲೇ ಆಗುತ್ತದೆ. ಕೆಲಸ ಮಾಡಿಕೊಂಡು ಕಲಿತರೆ ಸೊನ್ನೆಯಿಂದ ಬಿ1ಗೆ ಸುಮಾರು ಒಂದು ವರ್ಷ ಇಟ್ಟುಕೊಳ್ಳಿ.

ಬಿ1 ಪಾಸಾದರೂ ಮೊದಲ ತಿಂಗಳು ನಿಮಗೆ ಏನೂ ತಿಳಿಯುವುದಿಲ್ಲ, ಅದಕ್ಕೂ ತಯಾರಾಗಿರಿ. ನಮ್ಮ ಮೇಸ್ತ್ರಿ ಮಾತಾಡುವುದು ಶ್ವೇಬಿಷ್, ಅಂದರೆ ಈ ಕಡೆಯ ಆಡುಭಾಷೆ. ಪುಸ್ತಕದ ಜರ್ಮನ್‌ಗೂ ಅದಕ್ಕೂ ಇರುವ ದೂರ, ಟಿವಿ ನ್ಯೂಸ್ ಕನ್ನಡಕ್ಕೂ ಹುಬ್ಬಳ್ಳಿ ದುರ್ಗದಬೈಲಿನ ಕನ್ನಡಕ್ಕೂ ಇರುವಷ್ಟು. ಬೆಳಿಗ್ಗೆ ಏಳಕ್ಕೆ ವ್ಯಾನ್ ಹೊರಡುತ್ತದೆ. ಯಾವ ಸೈಜಿನ ಪೈಪ್, ಯಾವ ವಾಲ್ವ್ ಅಂತ ಅವರು ಕೂಗಿದ್ದು ನಿಮಗೆ ತಿಳಿಯಬೇಕು. ಅದರ ಮೇಲೆ ವಾರ ವಾರ ಮಾಡಿದ ಕೆಲಸವನ್ನೆಲ್ಲ ಜರ್ಮನ್‌ನಲ್ಲಿ ಒಂದು ಪುಸ್ತಕಕ್ಕೆ ಬರೆಯಬೇಕು. ಆ ಪುಸ್ತಕ ಪೂರ್ತಿ ಇಲ್ಲದಿದ್ದರೆ ಕೊನೆಯ ಪರೀಕ್ಷೆಗೇ ಕೂರಿಸುವುದಿಲ್ಲ. ಭಾಷೆ ಅಲ್ಲಿಗೆ ಹೋದ ಮೇಲೆ ನೋಡೋಣ ಅನ್ನುವವರಿಗೆ ನಿಮ್ಮ ಟಿಕೆಟ್ ಆದರೆ ಸಾಕು, ಆಮೇಲಿನದು ಅವರಿಗೆ ಬೇಕಿಲ್ಲ.

ಕೆಲಸದ ಬಗ್ಗೆ ಮನೆಯಲ್ಲಿ ಈಗಲೇ ಮಾತಾಡಿಬಿಡಿ. ನಾನು ಹೊರಟಾಗ ನಮ್ಮ ಸೋದರಮಾವ ಕೇಳಿದ್ದು, "ಡಿಪ್ಲೊಮಾ ಮಾಡಿ ಜರ್ಮನಿಗೆ ನಳಾ ಜೋಡಸಾಕ ಹೊಂಟೀಯೇನಪಾ?" ಹೌದು, ನಳಾನೂ ಜೋಡಿಸುತ್ತೇನೆ. ಹೀಟ್ ಪಂಪ್ ಕೂರಿಸುತ್ತೇನೆ, ಹಳೆಯ ಬಾಯ್ಲರ್ ಬಿಚ್ಚುತ್ತೇನೆ, ಡಿಸೆಂಬರ್‌ನಲ್ಲಿ ಕಿಟಕಿಯೇ ಇಲ್ಲದ ಹೊಸ ಕಟ್ಟಡದಲ್ಲಿ ನಿಂತು ಪೈಪ್ ಎಳೆಯುತ್ತೇನೆ. ಇಲ್ಲಿ ಇದನ್ನು ಯಾರೂ ಕಡಿಮೆ ಕೆಲಸ ಅಂತ ನೋಡುವುದಿಲ್ಲ. ಮುಂದೆ ಮೈಸ್ಟರ್ (ಕಸುಬಿನಲ್ಲಿ ಇದಕ್ಕೂ ಮೇಲಿನ ಹಂತ) ಪರೀಕ್ಷೆ ಪಾಸಾದರೆ ಸ್ವಂತ ಕಂಪನಿ ತೆರೆಯಬಹುದು, ಹುಡುಗರಿಗೆ ತರಬೇತಿ ಕೊಡಬಹುದು. ಆದರೆ ಕೈ ಕೊಳೆಯಾಗುವುದು ಬೇಡ, ಸುಮ್ನೆ ಯುರೋಪಿಗೆ ಹೋಗಬೇಕು ಅಷ್ಟೇ ಅನ್ನುವ ಆಸೆ ಇದ್ದರೆ ಈ ದಾರಿ ನಿಮಗಲ್ಲ. ಅಂಥವರು ಪ್ರೊಬೇಷನ್‌ನಲ್ಲೇ ಸೋಲುತ್ತಾರೆ. ಪ್ರೊಬೇಷನ್ ಒಂದರಿಂದ ನಾಲ್ಕು ತಿಂಗಳು, ಆ ಅವಧಿಯಲ್ಲಿ ಕಂಪನಿ ನೋಟಿಸ್ ಇಲ್ಲದೇ ಕಳಿಸಬಹುದು. ನಿಮ್ಮ ತಪ್ಪಿಲ್ಲದೆ ಹಾಗಾದರೆ ಬೇರೆ ಜಾಗ ಹುಡುಕಲು ಆರು ತಿಂಗಳವರೆಗೆ ಅವಕಾಶ ಇದೆ. ಏಜೆಂಟ್‌ಗೆ ಕೊಟ್ಟ ದುಡ್ಡಂತೂ ವಾಪಸ್ ಬರಲ್ಲ, ಅಲ್ವಾ?

ಜಾಗ ಹುಡುಕಲು ಜರ್ಮನ್ ಸರ್ಕಾರದ 'ಮೇಕ್ ಇಟ್ ಇನ್ ಜರ್ಮನಿ' ವೆಬ್‌ಸೈಟ್ ಮತ್ತು ಅಲ್ಲಿನ ಸರ್ಕಾರಿ ಉದ್ಯೋಗ ಸಂಸ್ಥೆಯ ಪೋರ್ಟಲ್ ಸಾಕು, ಎರಡೂ ಪುಕ್ಕಟೆ. ಹೆಚ್ಚಿನವು ಆಗಸ್ಟ್ ಅಥವಾ ಸೆಪ್ಟೆಂಬರ್‌ನಲ್ಲಿ ಶುರುವಾಗುತ್ತವೆ. ಹಿಂದಿನ ವರ್ಷವೇ ಅರ್ಜಿ ಹಾಕಲು ಶುರು ಮಾಡಿ. ಬಹಳ ಅರ್ಜಿಗೆ ಉತ್ತರವೇ ಬರುವುದಿಲ್ಲ, ಬೇಜಾರಾಗಬೇಡಿ.

ಏಜೆಂಟ್ ಮೂಲಕವೇ ಹೋಗುತ್ತೇನೆ ಅನ್ನುವುದಾದರೆ, ದುಡ್ಡಿಗೆ ಮುಂಚೆ ತರಬೇತಿ ಕರಾರು ಪತ್ರ ಕೇಳಿ. ಅದರಲ್ಲಿ ಯಾವ ಕೆಲಸ, ಎಷ್ಟು ವರ್ಷ, ಪ್ರತಿ ವರ್ಷದ ಸಂಬಳ, ಪ್ರೊಬೇಷನ್ ಎಷ್ಟು ತಿಂಗಳು, ರಜೆ ಎಷ್ಟು ಅಂತ ಇರಲೇಬೇಕು. ಆ ಭಾಗದ ಚೇಂಬರ್‌ನಲ್ಲಿ (ವಾಣಿಜ್ಯ ಅಥವಾ ಕುಶಲಕರ್ಮಿಗಳ ಮಂಡಳಿ) ನೋಂದಣಿ ಆಗಿದೆಯಾ ಅಂತಲೂ ಕೇಳಿ. ಕಂಪನಿಯವರು ವಿಡಿಯೊ ಕಾಲ್‌ನಲ್ಲಿ ನಿಮ್ಮನ್ನು ನೋಡದೇ ಆಯ್ಕೆ ಮಾಡಿದ್ದಾರೆ ಅಂದರೆ ನಂಬಬೇಡಿ.

ನಿಮ್ಮದು ಮೂರು ವರ್ಷದ ಡಿಪ್ಲೊಮಾ ಆಗಿರುವುದರಿಂದ ಇನ್ನೊಂದು ದಾರಿಯನ್ನೂ ನೋಡಿ. ಓದಿದ್ದನ್ನೇ ಅಲ್ಲಿ ಮಾನ್ಯ ಮಾಡಿಸುವುದು. ಫ್ಯಾಕ್ಟರಿ ಕೆಲಸಗಳಿಗೆ ಸಾಮಾನ್ಯವಾಗಿ ಇದನ್ನು ಪರಿಶೀಲಿಸುವುದು ನ್ಯೂರೆಂಬರ್ಗ್‌ನ ಐಎಚ್‌ಕೆ ಫೋಸಾ ಅನ್ನುವ ಸಂಸ್ಥೆ. 2024ರ ಮಾರ್ಚ್‌ನಿಂದ ಒಂದು ಹೊಸ ನಿಯಮ ಬಂದಿದೆ. ಸರ್ಕಾರ ಒಪ್ಪಿದ ಕನಿಷ್ಠ ಎರಡು ವರ್ಷದ ತರಬೇತಿ, ಎ2 ಜರ್ಮನ್, ಕೈಯಲ್ಲಿ ಕೆಲಸದ ಕರಾರು ಇದ್ದರೆ, ಅಲ್ಲಿಗೆ ಹೋಗಿ ಕೆಲಸ ಮಾಡುತ್ತಲೇ ಮಾನ್ಯತೆ ಪಡೆಯಬಹುದು. ಮೊದಲಿನಿಂದ ಮೂರೂವರೆ ವರ್ಷ ಕಲಿಯುವುದು ತಪ್ಪೀತು.

ಆಸ್ಟ್ರೇಲಿಯಾ ಲೆಕ್ಕ ಪೂರ್ತಿ ಬೇರೆ. ಅಲ್ಲಿ ನೀವು ಫೀಸ್ ಕೊಟ್ಟು ಓದುವ ವಿದ್ಯಾರ್ಥಿ. 2025ರ ಜುಲೈನಿಂದ ವೀಸಾ ಅರ್ಜಿಗೇ 2,000 ಆಸ್ಟ್ರೇಲಿಯನ್ ಡಾಲರ್. ಕ್ಲಾಸ್ ನಡೆಯುವಾಗ ಎರಡು ವಾರಕ್ಕೆ 48 ಗಂಟೆ ಮಾತ್ರ ಕೆಲಸ ಮಾಡಬಹುದು. ಅಡುಗೆಯಲ್ಲಿ ನಿಜವಾಗಿ ಆಸಕ್ತಿ ಇದ್ದು ಮನೆಯಲ್ಲಿ ದುಡ್ಡೂ ಇದ್ದರೆ ನೋಡಿ. ಮೆಕ್ಯಾನಿಕಲ್ ಓದಿದವರು ಬರೀ ವೀಸಾಕ್ಕಾಗಿ ಕುಕರಿಗೆ ಸೇರುವುದು ನನಗೆ ಸರಿ ಕಾಣುವುದಿಲ್ಲ.

ಸದ್ಯಕ್ಕೆ ಧಾರವಾಡದ ಕೆಲಸ ಬಿಡಬೇಡಿ. ಈ ವಾರವೇ ಎ1 ಕ್ಲಾಸ್‌ಗೆ ಸೇರಿಕೊಳ್ಳಿ. ಏಜೆಂಟ್ ಕರಾರು ಪತ್ರ ಕೊಟ್ಟರೆ ನಿಮ್ಮ ಹೆಸರು, ವಿಳಾಸ ಅಳಿಸಿ ಇಲ್ಲಿ ಹಾಕಿ, ಭಾನುವಾರ ಕೂತು ಓದಿ ಹೇಳುತ್ತೇನೆ.